‘ಹ್ಯಾವ್’ ಎಲ್ಲಿ, ‘ಹ್ಯಾವಿಂಗ್’ ಎಲ್ಲಿ?

ಈ ಬಾರಿ ಇಂಗ್ಲಿಷಿನ ಒಂದು ಪುಟ್ಟ ಕ್ರಿಯಾಪದದ ಬಗ್ಗೆ ಮಾತಾಡೋಣ. ಅದು ‘ಹ್ಯಾವ್’. ಎಲ್.ಕೆ.ಜಿ. ಮಗುವಿಗೂ ಗೊತ್ತಿರುವ ಪದ ಇದು. ಆದರೂ ಎಂ.ಎ. ಓದಿದವರೂ ಇದರಲ್ಲಿ ಎಡವುತ್ತಾರೆ.

“ನನಗೆ ಇಬ್ಬರು ಅಕ್ಕಂದಿರಿದ್ದಾರೆ” ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದರೆ ನಮ್ಮಲ್ಲಿ ಅನೇಕರು “ಐ ಆಮ್ ಹ್ಯಾವಿಂಗ್ ಟು ಸಿಸ್ಟರ್ಸ್” ಎನ್ನುತ್ತಾರೆ. ಪಕ್ಕದ ಮನೆಯ ಗುಜರಾತಿ ಬೆನ್ ಕೂಡ ಹಾಗೆಯೇ ಹೇಳುತ್ತಾರೆ. ಇದೇನು ಕಾಕತಾಳೀಯವಲ್ಲ. ‘ಹ್ಯಾವ್’ ಎಂಬುದಕ್ಕೆ ಸರಿಸಮನಾದ ಆಡುಮಾತಿನ ಪದ ಕನ್ನಡದಲ್ಲೂ ಇಲ್ಲ, ಗುಜರಾತಿಯಲ್ಲೂ ಇಲ್ಲ. ‘ಹೊಂದಿದ್ದೇನೆ’ ಎಂಬುದೊಂದಿದೆ ನಿಜ. ಆದರೆ ಅದು ಅರ್ಜಿ ಮತ್ತು ಪತ್ರಿಕೆಗಳ ಕನ್ನಡ. “ನಾನು ಜ್ವರವನ್ನು ಹೊಂದಿದ್ದೇನೆ” ಎಂದು ಮನೆಯಲ್ಲಿ ಹೇಳಿ ನೋಡಿ, ಜ್ವರ ನೆತ್ತಿಗೇರಿದೆ ಎಂದುಕೊಂಡಾರು!

ನಾವು ಎಲ್ಲವನ್ನೂ ‘ಇದೆ’ ಎಂಬುದರಲ್ಲೇ ಮುಗಿಸುತ್ತೇವೆ. ನನಗೆ ಜ್ವರ ಇದೆ, ನನ್ನ ಹತ್ತಿರ ದುಡ್ಡಿದೆ, ನನಗೆ ಅಣ್ಣಂದಿರಿದ್ದಾರೆ. ಗುಜರಾತಿಯವರದ್ದೂ ಇದೇ ದಾರಿ: ಮನೇ ತಾವ್ ಛೇ, ಮಾರೀ ಪಾಸೇ ಪೈಸಾ ಛೇ, ಮಾರೇ ಬೇ ಭಾಈ ಛೇ. ಒಂದು ದ್ರಾವಿಡ ಭಾಷೆ, ಇನ್ನೊಂದು ಇಂಡೋ-ಆರ್ಯನ್. ಹಾಗಿದ್ದೂ ಈ ವಿಷಯದಲ್ಲಿ ಎರಡೂ ಅಕ್ಕತಂಗಿಯರಂತೆ ನಡೆಯುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಮನುಷ್ಯ ಮುಂದೆ ಬಂದು ನಿಂತು, ತನ್ನ ವಸ್ತುವನ್ನು ‘ಹ್ಯಾವ್’ ಎಂದು ಕೈಯಲ್ಲಿ ಹಿಡಿದು ತೋರಿಸಬೇಕು.

ಹಾಗಾದರೆ ‘ಹ್ಯಾವಿಂಗ್’ ಯಾವಾಗ ಸರಿ? ಇದಕ್ಕೆ ಒಂದು ಸುಲಭ ಉಪಾಯ ಇದೆ. ವಾಕ್ಯವನ್ನು ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ಬರೀ ‘ಇದೆ’, ‘ಇದ್ದಾರೆ’ ಎಂದು ಮುಗಿದರೆ ‘ಹ್ಯಾವ್’ ಹಾಕಿ. ‘ಮಾಡ್ತಾ ಇದ್ದೇನೆ’, ‘ಆಗ್ತಾ ಇದೆ’ ಎಂದು ಬಂದರೆ ‘ಹ್ಯಾವಿಂಗ್’ ಆಗಬಹುದು. ಕಾರು ಇದೆ: ಐ ಹ್ಯಾವ್ ಎ ಕಾರ್. ಸೂರತ್‌ನ ಅಂಗಡಿಯಲ್ಲಿ ನಿಂತು ಲೋಚೋ ತಿನ್ನುತ್ತಾ ಇದ್ದೇನೆ: ಐ ಆಮ್ ಹ್ಯಾವಿಂಗ್ ಲೋಚೋ. ಐದು ವರ್ಷದ ಅನುಭವ ಇದೆ: ಐ ಹ್ಯಾವ್ ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್. ಈ ಕೊನೆಯ ವಾಕ್ಯವನ್ನು ಕೆಲಸ ಹುಡುಕುತ್ತಿರುವ ಮಕ್ಕಳು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಈ ‘ಇಂಗ್’ ಮೋಹ ಸಾಹಿತ್ಯಕ್ಕೂ ಹತ್ತಿದೆ. ಮುಂಬಯಿಯ ಕವಿ ನಿಸ್ಸಿಮ್ ಎಜೆಕಿಯೆಲ್ ಅವರ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ. ಎಸ್.’ ಎಂಬ ಪ್ರಸಿದ್ಧ ಕವಿತೆ ಪೂರ್ತಿ ಇಂಥ ಇಂಗ್ಲಿಷಿನಲ್ಲೇ ಇದೆ. ಪುಷ್ಪಾ ಅವರ ತಂದೆ ವಕೀಲರಾಗಿದ್ದುದು ಬುಲ್ಸಾರಿನಲ್ಲೋ ಸೂರತ್‌ನಲ್ಲೋ ಎಂದು ಅದರಲ್ಲಿ ಭಾಷಣ ಮಾಡುವವನಿಗೆ ನೆನಪಾಗುವುದಿಲ್ಲ. ಆ ಮರೆವನ್ನೂ ಅವನು ‘ಇಂಗ್’ ಹಚ್ಚಿಯೇ ಹೇಳುತ್ತಾನೆ. ಸೂರತ್ ಕೇಳುಗರು ಇದಕ್ಕೆ ಬೇಸರಿಸಬಾರದು, ಧಾರವಾಡದ ವಕೀಲರ ಬಗ್ಗೆಯೂ ಹಾಗೆಯೇ ಬರೆಯಬಹುದಿತ್ತು. ಹಿಂದೆ ಸೂರತ್, ಅಹಮದಾಬಾದ್, ಧಾರವಾಡ, ಬೆಳಗಾವಿ ಎಲ್ಲವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ನಮ್ಮ ತಂದೆ-ತಾತಂದಿರ ಕೈಯಲ್ಲಿದ್ದ ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣದ ಪಿ. ಸಿ. ರೆನ್ ಕೂಡ ಅದೇ ಪ್ರಾಂತ್ಯದಲ್ಲಿ ಶಿಕ್ಷಣ ಸೇವೆಯಲ್ಲಿದ್ದವರು. ಅವರೇ ಮುಂದೆ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಜಗತ್ಪ್ರಸಿದ್ಧರಾದರು.

ನಮ್ಮ ನಮ್ಮಲ್ಲೇ ಮಾತಾಡುವಾಗ ‘ಹ್ಯಾವಿಂಗ್’ ಎಂದರೂ ಯಾರಿಗೂ ನಷ್ಟವಿಲ್ಲ. ಹಾಗೆ ಮಾತಾಡುವವರನ್ನು ನಡುವೆ ತಡೆದು ತಿದ್ದುವುದು ಶಿಷ್ಟಾಚಾರವೂ ಅಲ್ಲ. ಆದರೆ ಒಂದು ಕಡೆ ಮಾತ್ರ ಈ ಕ್ರಿಯಾಪದದ ವಿಷಯದಲ್ಲಿ ಹುಷಾರಾಗಿರಬೇಕು. ಅದು ಡಾಕ್ಟರರ ಮುಂದೆ.

ಊರಿನಿಂದ ಬಂದು ಇಲ್ಲಿ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಇರುವ ಹಿರಿಯರನ್ನು ನೆನೆಯಿರಿ. ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಮಕ್ಕಳು ಆಫೀಸಿಗೆ ಹೋದ ಹೊತ್ತಿನಲ್ಲಿ ಕ್ಲಿನಿಕ್ಕಿಗೆ ಹೋದರೆ ಹಳೆಯ ಮೆಟ್ರಿಕ್ಯುಲೇಷನ್ ಇಂಗ್ಲಿಷೇ ಗತಿ. “ಮೂರು ದಿನದಿಂದ ಜ್ವರ ಇದೆ” ಎಂದು ಹೇಳಬೇಕು. “ಐ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್” ಎಂದರೆ ಮೂರು ದಿನ ಜ್ವರ ಇತ್ತು, ಈಗ ಬಿಟ್ಟಿದೆ ಎಂದು ಅರ್ಥ. ಜ್ವರ ಇನ್ನೂ ಇದ್ದರೆ “ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್” ಎನ್ನಬೇಕು. ಒಂದು ‘ಹ್ಯಾವ್’ ಬಿಟ್ಟುಹೋದರೆ ಕಾಯಿಲೆಯೇ ವಾಸಿಯಾದಂತೆ! “ಐ ಹ್ಯಾಡ್ ಶುಗರ್” ಎಂಬುದೂ ಹಾಗೆಯೇ. ಸಕ್ಕರೆ ಕಾಯಿಲೆ ಈಗಲೂ ಇದ್ದರೆ “ಐ ಹ್ಯಾವ್ ಡಯಾಬಿಟಿಸ್” ಎಂದು ನೇರವಾಗಿ ಹೇಳಿ.

ಇಲ್ಲಿ ‘ಸಿನ್ಸ್’ ಮತ್ತು ‘ಫಾರ್’ ಗೊಂದಲವೂ ಸೇರಿಕೊಳ್ಳುತ್ತದೆ. ಕನ್ನಡದ ‘ಇಂದ’ ಪ್ರತ್ಯಯ ಎರಡೂ ಕೆಲಸ ಮಾಡುತ್ತದೆ: ಸೋಮವಾರದಿಂದ, ಮೂರು ದಿನದಿಂದ. ಗುಜರಾತಿಯ ‘ಥೀ’ ಕೂಡ ಅಷ್ಟೇ. ಇಂಗ್ಲಿಷಿನಲ್ಲಿ ಶುರುವಾದ ದಿನ ಹೇಳಿದರೆ ‘ಸಿನ್ಸ್ ಮಂಡೇ’, ಎಷ್ಟು ಕಾಲವೆಂದು ಹೇಳಿದರೆ ‘ಫಾರ್ ತ್ರೀ ಡೇಸ್’.

ಎದೆನೋವಿನ ಮಾತು ಬಂದಾಗ ನಿಯಮ ಸ್ವಲ್ಪ ಸಡಿಲ. “ಐ ಹ್ಯಾವ್ ಚೆಸ್ಟ್ ಪೇನ್” ಸರಿ, “ಐ ಆಮ್ ಹ್ಯಾವಿಂಗ್ ಚೆಸ್ಟ್ ಪೇನ್” ಎನ್ನುವುದೂ ಸರಿ. ಏಕೆಂದರೆ ಈ ಕ್ಷಣ ನೋಯುತ್ತಾ ಇದೆ. ಇಂಥ ಹೊತ್ತಿನಲ್ಲಿ ವ್ಯಾಕರಣ ಅತ್ತ ಇಟ್ಟು 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿರುವಂತೆ ಗುಜರಾತಿನಲ್ಲೂ ಆಂಬುಲೆನ್ಸಿಗೆ ಅದೇ ನಂಬರು.

ಇನ್ನು ಉಳಿದದ್ದು ‘ಹ್ಯಾವ್ ಟು’. ನಮ್ಮ “ಊರಿಗೆ ಹೋಗಬೇಕು” ಎಂಬ ಮಾತಿನಲ್ಲಿ ಆಸೆಯೂ ಇದೆ, ಅನಿವಾರ್ಯವೂ ಇದೆ. ಈ ವಿಷಯದಲ್ಲಿ ಗುಜರಾತಿ ನಮಗಿಂತ ಲೆಕ್ಕಾಚಾರದ ಭಾಷೆ. ಹೋಗುವ ಮನಸ್ಸಿದ್ದರೆ ‘ಮಾರೇ ಜವುಂ ಛೇ’, ಹೋಗದೆ ವಿಧಿಯಿಲ್ಲದಿದ್ದರೆ ‘ಮಾರೇ ಜವುಂ ಪಡಶೇ’. ಇಂಗ್ಲಿಷಿನಲ್ಲೂ ‘ವಾಂಟ್ ಟು’ ಬೇರೆ, ‘ಹ್ಯಾವ್ ಟು’ ಬೇರೆ. ರಜೆ ಅರ್ಜಿಯಲ್ಲಿ “ಐ ವಾಂಟ್ ಟು ಗೋ ಟು ಹುಬ್ಬಳ್ಳಿ” ಎಂದು ಬರೆದರೆ ಸಾಹೇಬರು ಅದನ್ನು ಆಸೆ ಎಂದೇ ಓದುತ್ತಾರೆ. ಆಸೆಯನ್ನು ಮುಂದಿನ ತಿಂಗಳಿಗೆ ತಳ್ಳಬಹುದಲ್ಲ! ತಂದೆಯವರಿಗೆ ಸೋಮವಾರ ಆಪರೇಷನ್ ಇದ್ದರೆ ಹೀಗೆ ಬರೆಯಿರಿ: “ಮೈ ಫಾದರ್ ಈಸ್ ಹ್ಯಾವಿಂಗ್ ಎನ್ ಆಪರೇಷನ್ ಆನ್ ಮಂಡೇ. ಐ ಹ್ಯಾವ್ ಟು ಬಿ ಇನ್ ಹುಬ್ಬಳ್ಳಿ ಬೈ ಸಂಡೇ.” ಮೊದಲ ವಾಕ್ಯದ ‘ಹ್ಯಾವಿಂಗ್’ ನೋಡಿ ಗಾಬರಿಯಾಗಬೇಡಿ. ಆಪರೇಷನ್ ತಂದೆಯವರ ಬಳಿ ಇರುವ ವಸ್ತುವಲ್ಲ, ಅಂದು ಆಗಲಿರುವ ಕೆಲಸ. ಆದ್ದರಿಂದ ಇಲ್ಲಿ ಅದು ಸರಿಯೇ.