ಗರ್ಭಪಾತದ ವೆಚ್ಚ: ಆರೋಗ್ಯ ವಿಮೆಯ ಮಿತಿ ಮತ್ತು ಮಾಲೀಕರ ಹೊಣೆ

ನೌಕರರ ಗುಂಪು ಆರೋಗ್ಯ ವಿಮೆಯನ್ನು ನವೀಕರಿಸುವಾಗ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಸಾಮಾನ್ಯವಾಗಿ ಗಮನಿಸುವುದು ಎರಡು ಅಂಕಿಗಳನ್ನು: ವಿಮಾ ಮೊತ್ತ ಮತ್ತು ಪ್ರೀಮಿಯಂ. ಹೊರತುಪಡಿಕೆಗಳ ಪುಟವು ಓದಲ್ಪಡದೆಯೇ ಕಡತ ಸೇರುತ್ತದೆ. ಮಹಿಳಾ ನೌಕರರೊಬ್ಬರಿಗೆ ಗರ್ಭಸ್ರಾವವಾದಾಗ ಅಥವಾ ಅವರು ಕಾನೂನುಬದ್ಧವಾಗಿ ಗರ್ಭಪಾತ ಮಾಡಿಸಿಕೊಂಡಾಗ ಆ ಪುಟದ ಮಹತ್ವ ತಿಳಿಯುತ್ತದೆ. ಆಗ ವಿಮಾ ಕಂಪನಿಯಿಂದ ತಿರಸ್ಕಾರದ ಪತ್ರ ಬಂದಿರುತ್ತದೆ.

ಭಾರತದಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆಯು 1971ರಲ್ಲಿ ಅಂಗೀಕೃತವಾಗಿ 1972ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ನಿಯಮಗಳಲ್ಲಿ ಹೇಳಿರುವ ವರ್ಗಗಳ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಈ ವರ್ಗಗಳಿಂದ ಅವಿವಾಹಿತರನ್ನು ಹೊರಗಿಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ಆದರೆ ಚಿಕಿತ್ಸೆಯ ವೆಚ್ಚವನ್ನು ವಿಮೆ ಭರಿಸಬೇಕೇ ಎಂಬ ಬಗ್ಗೆ ಈ ಕಾಯ್ದೆ ಮೌನವಾಗಿದೆ.

ಅಮೆರಿಕದಲ್ಲಿ 1976ರ ಹೈಡ್ ತಿದ್ದುಪಡಿಯಿಂದ ಮೊದಲ್ಗೊಂಡು ಸರ್ಕಾರಿ ಹಣದ ಬಳಕೆಗೆ ನಿರ್ಬಂಧವಿದ್ದು, ಕೆಲವು ರಾಜ್ಯಗಳು ಖಾಸಗಿ ವಿಮೆಗೂ ಕಾನೂನಿನ ಮೂಲಕವೇ ತಡೆಯೊಡ್ಡಿವೆ. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಇಲ್ಲಿನ ನಿರ್ಬಂಧವು ಪಾಲಿಸಿಯ ಷರತ್ತಿನ ರೂಪದಲ್ಲಿ, ನಿಯಂತ್ರಕರೇ ರೂಪಿಸಿಕೊಟ್ಟ ಪದಗಳಲ್ಲಿ ಬರುತ್ತದೆ. ಪರಿಣಾಮದಲ್ಲಿ ನೌಕರರಿಗೆ ಹೆಚ್ಚಿನ ವ್ಯತ್ಯಾಸವೇನೂ ಕಾಣದು. ಆದರೆ ಷರತ್ತನ್ನು ಹಣ ಕೊಟ್ಟು ಬದಲಿಸಿಕೊಳ್ಳಬಹುದು, ಕಾನೂನನ್ನು ಹಾಗೆ ಬದಲಿಸಲಾಗದು.

ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ವಿಮೆಯ ಹೊರತುಪಡಿಕೆಗಳಿಗೆ ಏಕರೂಪದ ಪದಬಳಕೆಯನ್ನೂ ಸಂಕೇತ ಸಂಖ್ಯೆಗಳನ್ನೂ ಗೊತ್ತುಪಡಿಸಿತು. ಅದರಲ್ಲಿ 18ನೆಯ ಸಂಕೇತವು ಮಾತೃತ್ವಕ್ಕೆ ಸಂಬಂಧಿಸಿದ್ದು. ಹೆರಿಗೆಯ ಚಿಕಿತ್ಸಾ ವೆಚ್ಚ, ಗರ್ಭಸ್ರಾವದ ವೆಚ್ಚ ಮತ್ತು ಕಾನೂನುಬದ್ಧ ವೈದ್ಯಕೀಯ ಗರ್ಭಪಾತದ ವೆಚ್ಚ ಈ ಮೂರೂ ಅದರಡಿ ಹೊರಗುಳಿಯುತ್ತವೆ. ಅಪವಾದಗಳು ಎರಡೇ: ಗರ್ಭಕೋಶದ ಹೊರಗೆ ಬೆಳೆದ ಗರ್ಭದ ಚಿಕಿತ್ಸೆ ಮತ್ತು ಅಪಘಾತದಿಂದ ಸಂಭವಿಸಿದ ಗರ್ಭಸ್ರಾವ. ಈ ಎರಡು ಸಂದರ್ಭಗಳಲ್ಲಿ 18ನೆಯ ಸಂಕೇತವನ್ನು ತೋರಿಸಿ ಕ್ಲೇಮನ್ನು ತಿರಸ್ಕರಿಸಿದ್ದರೆ ಅದನ್ನು ಪ್ರಶ್ನಿಸಬೇಕು. 2020ರಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿಯೂ ಇದೇ ಷರತ್ತಿದೆ.

ಇದರ ಇನ್ನೊಂದು ಮುಖವನ್ನು ಗಮನಿಸುವವರು ಕಡಿಮೆ. ನಿಯಂತ್ರಕರ ಪ್ರಮಾಣಿತ ವ್ಯಾಖ್ಯೆಯಂತೆ ‘ಮಾತೃತ್ವ ವೆಚ್ಚ’ ಎಂಬುದರಲ್ಲಿ ಕಾನೂನುಬದ್ಧ ಗರ್ಭಪಾತದ ವೆಚ್ಚವೂ ಅಡಕವಾಗಿದೆ. ಆದ್ದರಿಂದ ಹೆಚ್ಚುವರಿ ಪ್ರೀಮಿಯಂ ತೆತ್ತು ಗುಂಪು ಪಾಲಿಸಿಗೆ ಮಾತೃತ್ವ ರಕ್ಷಣೆಯನ್ನು ಸೇರಿಸಿಕೊಂಡರೆ ಸಾಮಾನ್ಯವಾಗಿ ಗರ್ಭಪಾತವೂ ಒಳಬರಬೇಕು. ಆದಾಗ್ಯೂ ಇಂಥ ಹಲವು ಪಾಲಿಸಿಗಳಲ್ಲಿ, ಗರ್ಭಧಾರಣೆಯ ಮೊದಲ 12 ವಾರಗಳಲ್ಲಿ ಸ್ವಇಚ್ಛೆಯಿಂದ ಮಾಡಿಸಿಕೊಂಡ ಗರ್ಭಪಾತಕ್ಕೆ ವೆಚ್ಚ ದೊರೆಯದೆಂಬ ಒಂದು ಸಾಲು ಉಳಿದುಕೊಂಡಿರುತ್ತದೆ. ಬಹುಪಾಲು ಗರ್ಭಪಾತಗಳು ನಡೆಯುವುದೂ, ಅವು ಅತ್ಯಂತ ಸುರಕ್ಷಿತವಾಗಿರುವುದೂ ಆ 12 ವಾರಗಳಲ್ಲಿಯೇ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಹಿಂಪಡೆಯುವ ಈ ಸಾಲನ್ನು ನವೀಕರಣದ ಮಾತುಕತೆಯಲ್ಲಿ ತೆಗೆಸಲು ಕೇಳುವುದರಿಂದ ನಷ್ಟವೇನಿಲ್ಲ. ಒಂಬತ್ತು ತಿಂಗಳ ಕಾಯುವಿಕೆಯ ಷರತ್ತನ್ನೂ ಅದೇ ವೇಳೆ ಪರಿಶೀಲಿಸತಕ್ಕದ್ದು. ಮಾತ್ರೆಗಳ ಮೂಲಕ ಆಗುವ ಆರಂಭಿಕ ಗರ್ಭಪಾತದಲ್ಲಿ ಆಸ್ಪತ್ರೆಗೆ ದಾಖಲಾಗುವ ಪ್ರಮೇಯವೇ ಇರುವುದಿಲ್ಲವಾದ್ದರಿಂದ, ಹೊರರೋಗಿ ವೆಚ್ಚದ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಅದಕ್ಕೆ ಹಣ ಬಾರದು.

(ಪ್ರಾಸಂಗಿಕವಾಗಿ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ದೊರೆತ ಜಿ.ಎಸ್.ಟಿ. ವಿನಾಯಿತಿಯು ಗುಂಪು ಪಾಲಿಸಿಗಳಿಗೆ ಅನ್ವಯಿಸದು. ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು.)

ಕಾರ್ಮಿಕರ ರಾಜ್ಯ ವಿಮೆಯ ಚಿತ್ರವೇ ಬೇರೆ. ತಿಂಗಳಿಗೆ 21,000 ರೂ. ವೇತನದೊಳಗಿನ ನೌಕರರಿಗಾಗಿ ಮಾಲೀಕರು ಶೇ. 3.25ರಂತೆ, ನೌಕರರು ಶೇ. 0.75ರಂತೆ ವಂತಿಗೆ ತೆರುವ ಈ ಯೋಜನೆಯಲ್ಲಿ 26ನೆಯ ವಾರದವರೆಗಿನ ಗರ್ಭಸ್ರಾವಕ್ಕೆ ಆರು ವಾರಗಳ ನಗದು ಸೌಲಭ್ಯವಿದೆ. ‘ಗರ್ಭಸ್ರಾವ’ದ ವ್ಯಾಖ್ಯೆಯು ದಂಡನೀಯವಾದುದನ್ನು ಮಾತ್ರ ಹೊರಗಿಡುತ್ತದೆ, ಅಂದರೆ ಕಾನೂನುಬದ್ಧ ಗರ್ಭಪಾತವು ಒಳಗೇ ಉಳಿಯುತ್ತದೆ. ಚಿಕಿತ್ಸೆಯೂ ಯೋಜನೆಯ ಆಸ್ಪತ್ರೆಗಳಲ್ಲಿಯೇ ದೊರೆಯುತ್ತದೆ. ಬೆಂಗಳೂರಿನ ರಾಜಾಜಿನಗರ, ಪೀಣ್ಯ, ಇಂದಿರಾನಗರಗಳಲ್ಲಿ ಇಂಥ ಆಸ್ಪತ್ರೆಗಳಿವೆ. ವಿಮಾದಾರ ಪುರುಷ ನೌಕರರ ಪತ್ನಿಗೆ ಚಿಕಿತ್ಸೆಯುಂಟು, ನಗದು ಸೌಲಭ್ಯವಿಲ್ಲ.

ಮಾಲೀಕರು ಎಡವುವುದು 21,000 ರೂ. ಮಿತಿಯನ್ನು ದಾಟಿದ ನೌಕರರ ವಿಷಯದಲ್ಲಿ. ಅವರಿಗೆ ಖಾಸಗಿ ಪಾಲಿಸಿಯಿದೆ, ವಿಮಾ ಕಂಪನಿ ತಿರಸ್ಕರಿಸಿತು, ಅಲ್ಲಿಗೆ ವಿಷಯ ಮುಗಿಯಿತು ಎಂದು ಭಾವಿಸುವುದು ತಪ್ಪು. ಚಿಕಿತ್ಸೆಯ ಬಿಲ್ಲು ಬೇರೆ, ವೇತನಸಹಿತ ರಜೆ ಬೇರೆ. 1961ರ ಮಾತೃತ್ವ ಸೌಲಭ್ಯ ಕಾಯ್ದೆಯಲ್ಲಿದ್ದ ಆರು ವಾರಗಳ ರಜೆಯ ಹಕ್ಕು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಮುಂದುವರಿದಿದೆ. ಗರ್ಭಸ್ರಾವ ಅಥವಾ ವೈದ್ಯಕೀಯ ಗರ್ಭಪಾತದ ಮರುದಿನದಿಂದ ಈ ರಜೆ ಸಲ್ಲುತ್ತದೆ. ಅದರಿಂದ ಅನಾರೋಗ್ಯ ಉಂಟಾದರೆ ಗರಿಷ್ಠ ಇನ್ನೊಂದು ತಿಂಗಳು. ಇದನ್ನು ಭರಿಸಬೇಕಾದವರು ಮಾಲೀಕರೇ.

ಒಂದು ಉದಾಹರಣೆ. ಮೂವತ್ತು ಜನರಿರುವ ಸಿದ್ಧ ಉಡುಪು ಘಟಕವೊಂದರಲ್ಲಿ ಹೊಲಿಗೆ ವಿಭಾಗದ ಮೇಲ್ವಿಚಾರಕಿಯ ಸರಾಸರಿ ದಿನಗೂಲಿ 900 ರೂ.; ತಿಂಗಳಿಗೆ 26 ದಿನದಂತೆ 23,400 ರೂ. ಆಗುವುದರಿಂದ ಅವರು ರಾಜ್ಯ ವಿಮೆಯ ಹೊರಗೆ. ಆರು ವಾರವೆಂದರೆ 36 ಕೆಲಸದ ದಿನಗಳೋ 42 ದಿನಗಳೋ? ಮಾತೃತ್ವ ಸೌಲಭ್ಯದ ಲೆಕ್ಕದಲ್ಲಿ ವಾರವೆಂದರೆ ಭಾನುವಾರವೂ ಸೇರಿ ಏಳು ದಿನವೆಂದು ಸರ್ವೋಚ್ಚ ನ್ಯಾಯಾಲಯವು ಬಿ. ಷಾ ಪ್ರಕರಣದಲ್ಲಿ 1977ರಲ್ಲಿಯೇ ಸ್ಪಷ್ಟಪಡಿಸಿದೆ. ಹಾಗಾಗಿ 42 ದಿನಗಳಿಗೆ 37,800 ರೂ. ಸಲ್ಲಬೇಕು. ಇದನ್ನು ಗಳಿಕೆ ರಜೆಗೆ ಹೊಂದಿಸುವುದು, ಅಥವಾ ‘ಮಾನವೀಯತೆಯಿಂದ’ ಹತ್ತು ದಿನ ಕೊಟ್ಟು ಉಳಿದದ್ದನ್ನು ಗೈರುಹಾಜರಿ ಎಂದು ನಮೂದಿಸುವುದು ಎರಡೂ ಸಲ್ಲದು.

ಇನ್ನುಳಿದದ್ದು ಕಾಗದಪತ್ರದ ವಿಷಯ. ಸಣ್ಣ ಘಟಕಗಳಲ್ಲಿ ಇದೇ ಹೆಚ್ಚು ಸೂಕ್ಷ್ಮವಾದುದು. 2003ರ ವೈದ್ಯಕೀಯ ಗರ್ಭಪಾತ ನಿಯಮಾವಳಿಗಳಂತೆ, ಉದ್ಯೋಗಸ್ಥ ಮಹಿಳೆ ಕೇಳಿಕೊಂಡರೆ ರಜೆಯ ಸಲುವಾಗಿ ವೈದ್ಯರು ಪ್ರಮಾಣಪತ್ರ ನೀಡಬಹುದು. ಆದರೆ ಆ ಮಾಹಿತಿಯನ್ನು ಮಾಲೀಕರು ಬೇರೆ ಯಾರಿಗೂ ತಿಳಿಸುವಂತಿಲ್ಲ. ಗುಮಾಸ್ತರ ಮೇಜಿನಿಂದ ಲೆಕ್ಕಪತ್ರ ವಿಭಾಗಕ್ಕೆ, ಅಲ್ಲಿಂದ ವಿಮಾ ಏಜೆಂಟರಿಗೆ ಆಸ್ಪತ್ರೆಯ ಸಾರಾಂಶದ ನಕಲು ಸಾಗುವ ವಾಡಿಕೆಯಿರುವಲ್ಲಿ ಈ ನಿಯಮ ದಿನವೂ ಮುರಿಯಲ್ಪಡುತ್ತದೆ. ಪ್ರಮಾಣಪತ್ರವನ್ನು ಮಾಲೀಕರು ಅಥವಾ ಒಬ್ಬ ಗೊತ್ತುಪಡಿಸಿದ ಅಧಿಕಾರಿ ಮಾತ್ರ ಮೊಹರು ಮಾಡಿದ ಲಕೋಟೆಯಲ್ಲಿ ಇರಿಸಿಕೊಂಡು, ವೇತನ ಪುಸ್ತಕದಲ್ಲಿ ಕಾರಣ ಬರೆಯದೆ ‘ಶಾಸನಬದ್ಧ ವೇತನಸಹಿತ ರಜೆ’ ಎಂದಷ್ಟೇ ನಮೂದಿಸಿದರೆ ಲೆಕ್ಕಪರಿಶೋಧನೆಗೆ ಸಾಕು. ವಿಮಾ ಕ್ಲೇಮಿನ ದಾಖಲೆಗಳನ್ನು ನೌಕರರೇ ನೇರವಾಗಿ ಕ್ಲೇಮು ನಿರ್ವಹಣಾ ಸಂಸ್ಥೆಗೆ ಸಲ್ಲಿಸುವ ವ್ಯವಸ್ಥೆಯನ್ನು ಪಾಲಿಸಿಯ ಒಪ್ಪಂದದಲ್ಲಿಯೇ ಬರೆಸಿಕೊಳ್ಳಬಹುದು.