ಮನೆ ಮಾರುವ ಮುನ್ನ



ತಂದೆ ತೀರಿಕೊಂಡ ಮೇಲೆ ಕಾಚಿಗುಡದಂಥ ಹಳೆಯ ಬಡಾವಣೆಯ ದೊಡ್ಡ ಮನೆಯಲ್ಲಿ ತಾಯಿ ಒಬ್ಬರೇ ಉಳಿಯುತ್ತಾರೆ. "ಮಾರಿಬಿಟ್ಟು ನಮ್ಮ ಜೊತೆ ಬಂದುಬಿಡಮ್ಮ" ಎನ್ನುತ್ತೀರಿ. ಅದು ಪ್ರೀತಿಯೇ ಸರಿ. ಆದರೆ ಕಾನೂನೂ ತಿಳಿದಿರಲಿ.

ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯ್ದೆಯಂತೆ ಆತನ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಆತನ ತಾಯಿ, ಎಲ್ಲರಿಗೂ ಸಮಪಾಲು. 30 ವರ್ಷ ಆ ಮನೆ ಗುಡಿಸಿ ಸಾರಿಸಿದವರಿಗೆ, ಅತ್ತೆ ಇಲ್ಲದೆ ಇಬ್ಬರು ಮಕ್ಕಳಿದ್ದರೆ, ಮೂರರಲ್ಲಿ ಒಂದೇ ಪಾಲು! ನಿಮ್ಮ ಸಹಿಯಿಲ್ಲದೆ ಇಡೀ ಮನೆಯನ್ನು ಅವರು ಮಾರುವಂತಿಲ್ಲ. ಅಮೆರಿಕದಿಂದ ಬರಲಾಗದ ಮಗ ಅಧಿಕಾರಪತ್ರ ಕಳಿಸಬೇಕು.

ನಿಮ್ಮ ಪಾಲು ಬೇಡವೆನಿಸಿದರೆ, ಮಾರುವ ಮೊದಲೇ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಾಯಿಸಿ ಅಮ್ಮನಿಗೆ ಬಿಟ್ಟುಕೊಡಬಹುದು. ಹಳೆಯ ಮನೆ ಮಾರಿ ಬಂದ ಲಾಭವನ್ನು 2 ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿದರೆ, ಹಾಕಿದಷ್ಟಕ್ಕೆ ತೆರಿಗೆ ವಿನಾಯಿತಿಯುಂಟು. ಅದೂ ಅವರವರ ಪಾಲಿನ ಲಾಭಕ್ಕೆ ಮಾತ್ರ. ಚಿಕ್ಕ ಫ್ಲಾಟ್ ಆದರೂ ಅದು ಅಮ್ಮನ ಹೆಸರಿನಲ್ಲೇ ಇರಲಿ. ಬೀಗದ ಕೈ ಅವರ ಸೆರಗಿನಲ್ಲಿದ್ದರೆ ಯಾರ ಮನೆಗೆ ಹೋದರೂ ನೆಂಟರಂತೆ ಹೋಗಿ ಬರುತ್ತಾರೆ.

ಇನ್ನು ಸಾಮಾನು. ನಮ್ಮವರು ಹೋದ ಮೇಲೆ ನಾನೂ ಮನೆ ಚಿಕ್ಕದು ಮಾಡಿದವಳು. ಹಿತ್ತಾಳೆ ಕೊಳಗ ಕೊಡಲು ಒಂದು ನಿಮಿಷ ಸಾಕಾಯಿತು. ಅವರ ಕನ್ನಡಕದ ಪೆಟ್ಟಿಗೆಗೆ ನಾಲ್ಕು ತಿಂಗಳು ಹಿಡಿಯಿತು. ಆದ್ದರಿಂದ ಅವಸರ ಬೇಡ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಅಮ್ಮನೇ ಹೇಳಲಿ. ನೀವು ಅಟ್ಟದಿಂದ ಇಳಿಸಿಕೊಡಿ, ಸಾಕು.