ಸ್ಟೇನ್‌ಲೆಸ್ ಸ್ಟೀಲ್: ಸಂಯೋಜನೆ, ತುಕ್ಕುನಿರೋಧಕ ಗುಣ ಹಾಗೂ ಕರಾವಳಿಯಲ್ಲಿ ಬಳಕೆ

ಕುಮಟಾ ತಾಲ್ಲೂಕಿನ ಧಾರೇಶ್ವರವು ಸಮುದ್ರ ತೀರದ ಗ್ರಾಮವಾಗಿದ್ದು, ಇಲ್ಲಿನ ಗಾಳಿಯಲ್ಲಿ ತೇವಾಂಶದೊಂದಿಗೆ ಉಪ್ಪಿನ ಅಂಶವೂ ಇರುತ್ತದೆ. ಕಬ್ಬಿಣದ ಸರಳು, ಗೇಟುಗಳು ಬೇಗನೆ ತುಕ್ಕು ಹಿಡಿಯುವುದರಿಂದ ಸಾರ್ವಜನಿಕರು ಹೆಚ್ಚಿನ ಬೆಲೆ ತೆತ್ತು ಸ್ಟೇನ್‌ಲೆಸ್ ಸ್ಟೀಲ್ ಖರೀದಿಸುತ್ತಾರೆ. ಆದರೆ ಇದರ ಎಲ್ಲ ದರ್ಜೆಗಳೂ ಕಡಲತೀರಕ್ಕೆ ಸೂಕ್ತವಲ್ಲ. ಈ ಕುರಿತ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

ಸಂಯೋಜನೆ

ಇದು ಕಬ್ಬಿಣವೇ ಪ್ರಧಾನವಾಗಿರುವ ಮಿಶ್ರಲೋಹ. ಇದರಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರತಕ್ಕದ್ದು. ದರ್ಜೆಗೆ ಅನುಗುಣವಾಗಿ ನಿಕ್ಕಲ್, ಮ್ಯಾಂಗನೀಸ್, ಮಾಲಿಬ್ಡಿನಂ ಸೇರಿಸಲಾಗುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಅವರು ಬಂದೂಕಿನ ನಳಿಗೆಗಾಗಿ ಪ್ರಯೋಗ ನಡೆಸುತ್ತಿದ್ದಾಗ ಕ್ರೋಮಿಯಂಯುಕ್ತ ಉಕ್ಕಿನ ಈ ಗುಣವನ್ನು ಗುರುತಿಸಿದರು. ಕ್ರೋಮಿಯಂನ ಮೂಲ ಕ್ರೋಮೈಟ್ ಅದಿರು. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಇದರ ಗಣಿಗಾರಿಕೆ ನಡೆದಿದೆ.

ತುಕ್ಕು ಹಿಡಿಯದಿರಲು ಕಾರಣ

ಕಬ್ಬಿಣದ ತುಕ್ಕು ಸಡಿಲವಾದುದರಿಂದ ಉದುರಿಹೋಗಿ, ಒಳಗಿನ ಲೋಹವು ಮತ್ತೆ ಗಾಳಿ-ನೀರಿಗೆ ಒಡ್ಡಿಕೊಳ್ಳುತ್ತದೆ. ಕ್ರೋಮಿಯಂ ಆದರೋ ಆಮ್ಲಜನಕದೊಂದಿಗೆ ಸೇರಿ, ಕೆಲವೇ ನ್ಯಾನೋಮೀಟರ್ ದಪ್ಪದ, ಕಣ್ಣಿಗೆ ಕಾಣದ ಬಿಗಿಯಾದ ಪದರವನ್ನು ನಿರ್ಮಿಸುತ್ತದೆ. ಗೀರು ಬಿದ್ದಲ್ಲಿ ಗಾಳಿಯ ಸಂಪರ್ಕದಿಂದ ಪದರವು ತಾನಾಗಿಯೇ ಕೂಡಿಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಪದರವನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಕುಳಿಗಳನ್ನುಂಟುಮಾಡುತ್ತದೆ.

ಪ್ರಮುಖ ದರ್ಜೆಗಳು

1. 202: ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಬೆಲೆ ಕಡಿಮೆ, ಕಡಲತೀರದ ಹೊರಾಂಗಣಕ್ಕೆ ಸೂಕ್ತವಲ್ಲ.
2. 304: ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. ಪಾತ್ರೆ ಹಾಗೂ ಒಳಾಂಗಣಕ್ಕೆ ಉತ್ತಮ.
3. 316: ಹೆಚ್ಚುವರಿಯಾಗಿ ಶೇ. 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಉಪ್ಪುಗಾಳಿಯನ್ನು ಹೆಚ್ಚು ತಡೆಯುತ್ತದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಅಯಸ್ಕಾಂತದ ಪರೀಕ್ಷೆಯನ್ನೇ ನಂಬಬಾರದು. 202 ಮತ್ತು 304 ಎರಡೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ.
2. ಸಮುದ್ರಕ್ಕೆ ಎದುರಾಗಿರುವ ಸರಳು, ಕೈಪಿಡಿಗಳನ್ನು ಆಗಾಗ್ಗೆ ಸಿಹಿನೀರಿನಿಂದ ತೊಳೆದು ಒರೆಸತಕ್ಕದ್ದು. ಕಬ್ಬಿಣದ ನಾರಿನಿಂದ ಉಜ್ಜಬಾರದು.
3. ಉಪ್ಪಿನಕಾಯಿ ಮತ್ತು ಉಪ್ಪುನೀರಿನಲ್ಲಿಟ್ಟ ಮಾವಿನಮಿಡಿಗೆ ಭರಣಿಯೇ ಸೂಕ್ತ.
4. ಖರೀದಿಯ ರಸೀದಿಯಲ್ಲಿ ದರ್ಜೆಯನ್ನು ಕಡ್ಡಾಯವಾಗಿ ಬರೆಸಿಕೊಳ್ಳುವುದು. ಬೇರೆ ದರ್ಜೆಯ ಸರಕು ನೀಡಿದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ಎರಡು ವರ್ಷಗಳೊಳಗೆ ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿನೊಂದಿಗೆ ಸದರಿ ರಸೀದಿಯೇ ಮುಖ್ಯ ದಾಖಲೆಯಾಗಿರುತ್ತದೆ.